ಗಾಳಿ ಕಲಸಿದ ಕಣ

ನಿನ್ನೆ ಮಧ್ಯಾಹ್ನ ಗದಗಿನಲ್ಲಿ ಗುಡುಗಿತು. ಎಳ್ಳ ಅಮಾವಾಸ್ಯೆ ಇನ್ನೂ ಮುಂದಿದೆ. ಮಫ್ಲರು ಸುತ್ತಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ ನನಗೆ ಮೊದಲು ಅದು ಗುಡುಗೆಂದೇ ಅನ್ನಿಸಲಿಲ್ಲ, ಸ್ಟೇಷನ್ ಕಡೆ ಯಾವುದೋ ವ್ಯಾಗನ್ ಎಳೆಯುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಮಳೆ ಬಂತು, ಅಂಗಳದ ಹಪ್ಪಳ ತೊಯ್ಯಿಸಿ ಹೋಯಿತು. ಹಿಂದೆಯೇ ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರ್ ಒಂದು ಓಣಿಯಲ್ಲಿ ಹಾದುಹೋಗುವಾಗ ತಿರುವಿನಲ್ಲಿ ಒಂದು ಸಿವುಡು, ಅಂದರೆ ದಂಟಿನ ಕಟ್ಟು, ಜಾರಿ ನಮ್ಮ ಕಟ್ಟೆಯ ಮುಂದೆ ಬಿತ್ತು. ಕೂಗಿದೆ. ಡ್ರೈವರ ಹಾಕಿಕೊಂಡಿದ್ದ ಹಾಡಿನ ಅಬ್ಬರದಲ್ಲಿ ನನ್ನ ದನಿ ಅವನಿಗೆ ತಲುಪಲಿಲ್ಲ.

ಬಿಚ್ಚಿಹೋಗಿದ್ದ ಆ ಸಿವುಡನ್ನು ತಬ್ಬಿ ಎತ್ತಿಕೊಂಡೆ. ತೊಯ್ದ ಜೋಳದ ದಂಟಿನ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೇಳಬೇಕಾದ್ದಿಲ್ಲ. ಗೊತ್ತಿಲ್ಲದಿದ್ದರೆ, ಹಸಿ ಕಬ್ಬು, ಹಳೆಯ ಗೋಣಿಚೀಲ, ಮಣ್ಣು ಮೂರೂ ಕೂಡಿದಂತೆ ಎಂದುಕೊಳ್ಳಿ. ಆ ವಾಸನೆ ನನ್ನನ್ನು ಒಂದೇ ಏಟಿಗೆ ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ಹತ್ತಿರದ ನಮ್ಮ ಹೊಲಕ್ಕೆ ಒಯ್ದು ಬಿಟ್ಟಿತು. ವಾಸನೆಯನ್ನು ನಾನು ನಂಬುತ್ತೇನೆ. ಅದರ ಹಿಂದೆ ಬಂದ ಚಿತ್ರಗಳನ್ನು ಮಾತ್ರ ನಂಬಲೋ ಬೇಡವೋ ಎಂದು ನಿನ್ನೆಯಿಂದ ಲೆಕ್ಕ ಹಾಕುತ್ತಿದ್ದೇನೆ.

ಆಗ ನಾನು ಪುಣೆಯಲ್ಲಿ ವಿಜ್ಞಾನ ಓದುತ್ತಿದ್ದೆ. ಸ್ವಾತಂತ್ರ್ಯ ಬಂದಿತ್ತು, ಸಂಸ್ಥಾನಗಳು ಹೋಗಿದ್ದವು, ಕರ್ನಾಟಕ ಇನ್ನೂ ಬಂದಿರಲಿಲ್ಲ. ನಮ್ಮ ಕಡೆಯ ಭೂಗೋಳ ಹೇಳಿದರೆ ಪುಣೆಯ ಗೆಳೆಯರು ನಗುತ್ತಿದ್ದರು. ಲಕ್ಷ್ಮೇಶ್ವರ ಒಬ್ಬ ಅರಸರದು, ಶಿರಹಟ್ಟಿ ಇನ್ನೊಬ್ಬರದು, ಗದಗು ಇಂಗ್ಲಿಷರದು, ಮುಂಡರಗಿಯಿಂದ ಮೂಡಲಿಗೆ ಹೋದರೆ ನಿಜಾಮ, ಹೊಳೆ ದಾಟಿದರೆ ಮದರಾಸು. ಬೀಗರ ಮನೆಗೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎರಡು ಸರಕಾರ ದಾಟಿರುತ್ತಿದ್ದೆವು. ಅರಸರು ಹೋದರೂ ಜನರ ಬಾಯಲ್ಲಿ ಆ ಗೆರೆಗಳು ಇನ್ನೂ ಅಳಿಸಿರಲಿಲ್ಲ.

ಈ ಗೆರೆಗಳನ್ನೆಲ್ಲ ಅಳಿಸಿ ಒಂದು ರಾಜ್ಯ ಮಾಡಬೇಕೆಂದು ಹೊರಟವರಲ್ಲಿ ನನ್ನ ಕಾಕಾನೂ ಒಬ್ಬ. ಅಪ್ಪನಿಗಿಂತ ಚಿಕ್ಕವನು, ಉದ್ದನೆಯ ಮನುಷ್ಯ, ಸದಾ ಖಾದಿ ಟೊಪ್ಪಿಗೆ. ಗದಗಿನಲ್ಲಿ ಏಕೀಕರಣದ ಸಭೆಯೆಂದರೆ ಕಳೆ ತೆಗೆಯುವುದನ್ನು ಅರ್ಧಕ್ಕೆ ಬಿಟ್ಟು ನಡೆದುಬಿಡುತ್ತಿದ್ದ. ಆದರೆ ಅವನೂ ನಮ್ಮಪ್ಪನೂ ಮನೆ ಪಾಲು ಮಾಡಿಕೊಂಡು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾರಣ ಏನೆಂದು ನನ್ನನ್ನು ಕೇಳಬೇಡಿ. ಅವ್ವ ಹೇಳುವಂತೆ ಬದುವಿನ ಮೇಲಿನ ಬನ್ನಿಗಿಡ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಹೇಳುವಂತೆ ಊಟಕ್ಕೆ ಕೂತಾಗ ಆಡಿದ ಒಂದು ಮಾತು. ಆ ಮಾತು ಯಾವುದೆಂದು ಅವಳಿಗೂ ನೆನಪಿರಲಿಲ್ಲ. ಪಾಲಿನಲ್ಲಿ ಜೋಡೆತ್ತನ್ನೂ ಹಂಚಿಕೊಂಡಿದ್ದರು: ಕರಿಯಾ ನಮಗೆ, ಬಿಳಿಯಾ ಅವರಿಗೆ. ಇಬ್ಬರೂ ಇನ್ನೊಂದೊಂದು ಎತ್ತು ತಂದು ಹೂಡಿದರು, ಯಾವ ಜೋಡಿಯೂ ಕೂಡಿ ಬರಲಿಲ್ಲ.

ಹೊಲ ಮಾತ್ರ ಪಕ್ಕಪಕ್ಕದಲ್ಲೇ ಇತ್ತು, ನಡುವೆ ಒಂದು ಬದು. ಕಾಕಾನಿಗೆ ಏನಾದರೂ ಹೇಳಬೇಕಾದರೆ ಅಪ್ಪ ಕರಿಯಾನಿಗೆ ಹೇಳುತ್ತಿದ್ದ.

"ಏನೋ ಕರಿಯಾ, ಬೀದರದಿಂದ ಕಾರವಾರ ತನಕಾ ಒಂದು ಮಾಡ್ತೀನಿ ಅನ್ನಾವ್ರಿಗೆ ಒಂದು ಬದು ದಾಟಾಕ ಆಗೂದಿಲ್ಲಂತಲೋ."

ಕಾಕಾ ಎತ್ತಿಗೆ ಉತ್ತರ ಕೊಡುವಷ್ಟು ಕೆಳಗಿಳಿಯುತ್ತಿರಲಿಲ್ಲ. ಅವ್ವನ ಕಡೆ ತಿರುಗಿ, "ವೈನಿ, ನಿಮ್ಮ ಎತ್ತು ಭಾಳ ಶಾಣ್ಯಾ ಆಗೇತಿ. ಮುಂದಿನ ಸಭಾಕ್ಕ ಅದನ್ನ ಅಧ್ಯಕ್ಷ ಮಾಡೂಣು," ಅನ್ನುತ್ತಿದ್ದ. ಅವ್ವ ಸೆರಗಿನಲ್ಲಿ ನಗುತ್ತಿದ್ದಳು.

ಆ ಚಳಿಗಾಲ ಮಾತ್ರ ಈ ನಗೆಯ ಅಡಿಯಲ್ಲಿ ಒಂದು ಹೆದರಿಕೆಯಿತ್ತು. ಮುಂಗಾರಿ ಜೋಳದ ರಾಶಿ ಮುಗಿದ ಕೂಡಲೇ ಕಾಕಾ ತನ್ನ ಪಾಲಿನ ಹೊಲವನ್ನು ಲಕ್ಷ್ಮೇಶ್ವರದ ಒಬ್ಬ ಅರಳೆ ವ್ಯಾಪಾರಿಗೆ ಮಾರಿ ಗದಗಿಗೆ ಹೋಗಿ ಛಾಪಖಾನೆ ಹಾಕುವವನಿದ್ದ. ಚಿಗವ್ವ ಬಾವಿಕಟ್ಟೆಯಲ್ಲಿ ಅತ್ತು ಹೇಳಿದ್ದನ್ನು ಅವ್ವ ಮನೆಗೆ ತಂದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಹೊಲಾ ಅವಂದು, ಕೊಟ್ಕೊಳ್ಲಿ," ಅಂದ. ಆ ದಿನ ಎರಡನೆಯ ರೊಟ್ಟಿ ತಿನ್ನಲಿಲ್ಲ. ಹೋಗಬೇಡ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಇಷ್ಟು ದೊಡ್ಡ ಮಾತನ್ನು ಎತ್ತಿನ ಮೂಲಕ ಹೇಳಲಾಗುವುದಿಲ್ಲವಲ್ಲ.

ಹೀಗಿರುವಾಗ ಎಳ್ಳ ಅಮಾವಾಸ್ಯೆ ಬಂತು. ಅಂದು ಹೊಲಕ್ಕೆ ಬುತ್ತಿ ಒಯ್ದು, ಪೈರಿನ ಸುತ್ತ ಅನ್ನ ಪಲ್ಯಗಳ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು ನಮ್ಮ ಪದ್ಧತಿ. ಎರಡು ಮನೆಯವರೂ ಹೋಗಿದ್ದೆವು, ಬದುವಿನ ಆಚೆ ಅವರು, ಈಚೆ ನಾವು. ಗಂಡಸರು ಬೆನ್ನು ತಿರುಗಿಸಿ ಕೂತಿದ್ದರು. ಹೆಂಗಸರ ನಡುವೆ ಬದುವಿನ ಮೇಲಿಂದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಸಾಗಾಟ ಎಂದಿನಂತೆ ನಡೆದಿತ್ತು. ಕೆರೆಯ ಮೇಲೆ ಹೊರದೇಶದ ಬಾತುಗಳು ಕೂತಿದ್ದವು. ಕಿತ್ತ ಜೋಳ ಸಿವುಡು ಕಟ್ಟಿ ಎರಡು ಕಣಗಳಲ್ಲಿ ಎರಡು ಒಟ್ಟಿಲಾಗಿ ನಿಂತಿತ್ತು.

ಬೆಳಿಗ್ಗೆಯಿಂದ ಗಾಳಿಯಾಡದೆ ಒಂಥರದ ಕುದಿ. ಪಡುವಣದಲ್ಲಿ ಮೋಡ ಕಂಡು ಅವ್ವ, "ಮಳಿ ಬರ್ತೈತೇನೋ," ಅಂದಳು. ನಾನು ಪುಣೆಯ ಠೀವಿಯಿಂದ ಈ ತಿಂಗಳಲ್ಲಿ ಅದು ಏಕೆ ಸಾಧ್ಯವಿಲ್ಲವೆಂದು ವಿವರಿಸತೊಡಗಿದೆ. ವಿವರಣೆ ಅರ್ಧಕ್ಕೆ ಬಂದಾಗ ಮೊದಲ ಆಣೆಕಲ್ಲು ನನ್ನ ತಾಟಿನಲ್ಲೇ ಬಿತ್ತು. ಅಪ್ಪ ಅದನ್ನು ನೋಡಿ, "ಮುಂದ ಹೇಳಪಾ," ಅಂದ.

ಆಮೇಲಿನದನ್ನು ಹೇಳುವಾಗ ನನ್ನ ಮೇಲೆ ನೀವು ಒಂದು ಕಣ್ಣಿಟ್ಟಿರಬೇಕು. ಮೋಡದಿಂದ ಒಂದು ಕರಿಯ ಕಂಬ ಇಳಿದು, ಕೆರೆಯ ಅಂಚಿನಲ್ಲಿ ತಿರುಗುತ್ತ, ಆನೆಯ ಸೊಂಡಿಲಿನಂತೆ ನೆಲ ಮೂಸುತ್ತ ನಮ್ಮ ಕಡೆಗೆ ಬಂದದ್ದು ನನಗೆ ಈಗಲೂ ಕಾಣುತ್ತದೆ. ಆದರೆ ಮುಂದೆ ಕಾಲೇಜಿನ ಗ್ರಂಥಾಲಯದಲ್ಲಿ ಅಮೆರಿಕದ ಸುಂಟರಗಾಳಿಯ ಚಿತ್ರವೊಂದನ್ನು ನೋಡಿದೆ, ಅದರಲ್ಲೂ ಥೇಟ್ ಅದೇ ಕಂಬ. ನಾನು ಕಂಡದ್ದನ್ನು ಪುಸ್ತಕದಲ್ಲಿ ಗುರುತಿಸಿದೆನೋ, ಪುಸ್ತಕದ್ದನ್ನು ತಂದು ನಮ್ಮ ಹೊಲದಲ್ಲಿ ನಿಲ್ಲಿಸಿದೆನೋ? ಮೇಷ್ಟ್ರಾದ ಮೇಲೆ ವರ್ಷವರ್ಷವೂ ಹುಡುಗರಿಗೆ ಇದನ್ನು ಹೇಳುತ್ತಿದ್ದೆ. ವರ್ಷವರ್ಷವೂ ಕಂಬ ಎತ್ತರವಾಗುತ್ತಿತ್ತು. ಅವ್ವನನ್ನು ಕೇಳಿದಾಗ, "ಕಂಬಾ ಎಲ್ಲೀದು? ಬರೇ ಧೂಳಾ. ರೈಲು ಬಂದಂಗ ಸಪ್ಪಳಾ," ಅಂದಿದ್ದಳು.

ಧೂಳೋ ಕಂಬವೋ, ನಾವೆಲ್ಲ ನಮ್ಮ ಎತ್ತಿನ ಚಕ್ಕಡಿಯ ಅಡಿಗೆ ನುಗ್ಗಿದೆವು. ಕಾಕಾನ ಚಕ್ಕಡಿ ಆಗಲೇ ಮಗುಚಿ ಬಿದ್ದಿದ್ದರಿಂದ ಅವರ ಮನೆಯವರೂ ಬದು ಹಾರಿ ನಮ್ಮದರ ಅಡಿಗೇ ಬಂದರು. ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರು ಒಂದೇ ಚಕ್ಕಡಿಯ ಕೆಳಗೆ ಮೂಗಿಗೆ ಮೂಗು ತಾಗುವಂತೆ ಮಲಗಿದ್ದರು. ಮೇಲೆ ಆಣೆಕಲ್ಲಿನ ಸುರಿತ. ಅಂಥ ಹೊತ್ತಿನಲ್ಲೂ ಅಪ್ಪ, ಹೊರಗೆ ಕಟ್ಟಿದ್ದ ಕರಿಯಾನಿಗೆ ಕೂಗಿ ಹೇಳಿದ: "ಕರಿಯಾ, ತಲಿ ಒಳಗ ತಗೋ ಅನ್ನೋ." ಅಪ್ಪನ ಕೈ ಕಾಕಾನ ತಲೆಯ ಮೇಲೆ ಅಗಲವಾಗಿ ಮುಚ್ಚಿಕೊಂಡಿತ್ತು. ಇದು ನನ್ನ ನೆನಪಿನ ಅತಿ ಸ್ಪಷ್ಟ ಚಿತ್ರ. ಆದ್ದರಿಂದಲೇ ನನಗೆ ಅದರ ಮೇಲೆ ಅತಿ ಹೆಚ್ಚು ಅನುಮಾನ.

ಮುಂದಿನ ವಾರದ ಸಂತೆಗೆ ಸುದ್ದಿಗಳು ಬಂದವು. ಅದೇ ದಿನ ಲಕ್ಷ್ಮೇಶ್ವರದಲ್ಲಿ ತಗಡುಗಳು ಹಾರಿದ್ದವು, ಶಿರಹಟ್ಟಿಯಲ್ಲಿ ಹುಣಸೆಮರ ಉರುಳಿತ್ತು, ಕೊರ್ಲಹಳ್ಳಿಯಲ್ಲಿ ಹೊಳೆದಂಡೆಯ ಹರಿಗೋಲೊಂದು ಎದ್ದು ಹೋಗಿ ಜಾಲಿಗಿಡದ ಮೇಲೆ ಟೊಪ್ಪಿಗೆಯಂತೆ ಕೂತಿತ್ತಂತೆ. ಹರಿಗೋಲಿನ ಮಾತನ್ನು ನಾನು ನಂಬುವುದಿಲ್ಲ. ಆದರೆ ಹೇಳಿದವರೆಲ್ಲ ಜಾಲಿಗಿಡವೆಂದೇ ಹೇಳಿದರು, ಒಬ್ಬರೂ ಬೇವು ಅನ್ನಲಿಲ್ಲ.

ಗಾಳಿಯ ದಿನ ಸುರಿವ ಮಳೆಯಲ್ಲಿ ಹಿಂದೆ ನೋಡದೆ ಮನೆ ಸೇರಿದ್ದ ನಾವು ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದರೆ ಎರಡೂ ಒಟ್ಟಿಲುಗಳು ಇದ್ದಲ್ಲಿ ಇರಲಿಲ್ಲ. ಗಾಳಿ ಎರಡನ್ನೂ ಎತ್ತಿ ಕಲಸಿ, ಬದುವಿನ ಉದ್ದಕ್ಕೂ ಬನ್ನಿಗಿಡಕ್ಕೆ ಒರಗಿಸಿ ಒಂದೇ ಗುಡ್ಡೆ ಹಾಕಿತ್ತು. ಜೋಳ ತೊಯ್ದಿತ್ತು, ಜಲ್ದಿ ಹರವಿ ಒಣಗಿಸದಿದ್ದರೆ ಮೊಳಕೆ ಬರುತ್ತಿತ್ತು. ಆದರೆ ಯಾರ ಕಣದಲ್ಲಿ ಹರವುವುದು?

ನಮ್ಮ ಕಡೆ ಸಿವುಡನ್ನು ಹಗ್ಗದಿಂದ ಕಟ್ಟುವುದಿಲ್ಲ. ಎರಡು ದಂಟುಗಳನ್ನೇ ಹೊಸೆದು ಸುತ್ತಿ, ತುದಿಯನ್ನು ತಿರುವಿ ಒಳಗೆ ಸಿಕ್ಕಿಸುತ್ತಾರೆ. ಆ ತಿರುವು ಮನೆಮನೆಗೆ ಬೇರೆ. ಕೆಲವರದು ಎಡಕ್ಕೆ, ಕೆಲವರದು ಎರಡು ಸುತ್ತು. ಕಳವಾದ ಸಿವುಡನ್ನು ಗಂಟು ನೋಡಿ ಹಿಡಿದವರುಂಟು. ಅಪ್ಪನೂ ಕಾಕಾನೂ ಗುಡ್ಡೆಯ ಒಂದೊಂದು ತುದಿಗೆ ಕೂತು ತಂತಮ್ಮ ಗಂಟು ಆರಿಸತೊಡಗಿದರು. ಅಪ್ಪ ಒಂದು ತೆಗೆದು ತನ್ನ ಕಡೆ ಇಟ್ಟ, ಇನ್ನೊಂದು ತೆಗೆದ, ಅದೂ ತನ್ನದೇ, ಮೂರನೆಯದೂ ತನ್ನದೇ. ಆಚೆ ಕಾಕಾನೂ ಹಾಗೆಯೇ ಎಲ್ಲವನ್ನೂ ತನ್ನ ಕಡೆಗೆ ಪೇರಿಸುತ್ತಿದ್ದ. ಬಿಸಿಲೇರುವ ಹೊತ್ತಿಗೆ ಇಬ್ಬರ ಕೈಗಳೂ ಗುಡ್ಡೆಯ ನಡುವೆ ಒಂದೇ ಸಿವುಡಿನ ಮೇಲೆ ಬಿದ್ದವು.

ಪಕ್ಕದ ಹೊಲದ ಫಕೀರಪ್ಪಜ್ಜ ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ ಇದನ್ನೆಲ್ಲ ನೋಡುತ್ತಿದ್ದ.

"ಮುಂಜಾನಿಂದ ಏನ್ ಹುಡಕಾಕ ಹತ್ತೀರಲೇ?" ಅಂದ. "ಇಬ್ರಿಗೂ ಗಂಟ ಹಾಕಾಕ ಕಲಿಸಿದಾಂವ ನಿಮ್ಮಪ್ಪ ಒಬ್ಬನ. ಈಗ ಬ್ಯಾರೆ ಮಾಡ್ಬೇಕಂದ್ರ ಅವನ್ನ ಎಬ್ಬಿಸಿಕೊಂಡ ಬರ್ಬೇಕು. ನನಗಂತೂ ಆಗೂದಿಲ್ಲಪಾ, ಮೊಣಕಾಲು ನೋಯ್ತಾವು."

ಯಾರೂ ನಗಲಿಲ್ಲ. ಕಾಕಾ ಎದ್ದು ಟೊಪ್ಪಿಗೆ ತೆಗೆದು ಬನ್ನಿಗಿಡಕ್ಕೆ ಸಿಕ್ಕಿಸಿದ. ಅಪ್ಪ ಒಂದು ಹೊರೆ ಹೊತ್ತು ನಮ್ಮ ಕಣಕ್ಕೆ ನಡೆದ. ಕಾಕಾ ಇನ್ನೊಂದು ಹೊರೆ ಹೊತ್ತು ಅವನ ಹಿಂದೆ ನಡೆದ.

ಒಂದೇ ಕಣದಲ್ಲಿ ಹರವಿ ಒಣಗಿಸಿದೆವು, ತೆನೆ ಮುರಿದೆವು. ತೆನೆ ತುಳಿಸಲು ಕರಿಯಾ ಬಿಳಿಯಾ ಎರಡನ್ನೂ ಜೊತೆಗೆ ಕಟ್ಟಿದರು, ನಿನ್ನೆಯಷ್ಟೇ ನೊಗ ಬಿಚ್ಚಿದ ಜೋಡಿಯಂತೆ ಹೆಜ್ಜೆಗೆ ಹೆಜ್ಜೆ ಹಾಕಿ ತಿರುಗಿದವು. ಅಷ್ಟು ದಿನವೂ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಅಪ್ಪ ಕರಿಯಾನಿಗೆ ಹೇಳುವುದನ್ನೂ ಬಿಟ್ಟಿದ್ದ.

ಕಾಳು ತೂರಿ ರಾಶಿ ಹಾಕಿ ಪೂಜೆ ಮಾಡಿದ ಮೇಲೆ ಅಳೆದು ಮುಗಿಯುವ ತನಕ ಕಣದಲ್ಲಿ ಬೇರೆ ಮಾತಾಡಬಾರದು. ಅಳೆಯುವವನು ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, 'ಲಾಭ' ಅನ್ನುತ್ತಾನೆ. ನಮ್ಮ ಮನೆತನದಲ್ಲಿ ಚೀಲ ಹಿಡಿದವನೂ ತಿರುಗಿ ಹಾಗೆ ಅಂದ ಮೇಲೆಯೇ ಕಾಳು ಸುರಿಯಬೇಕು. ಹಿರಿಯನಾದ ಅಪ್ಪ ಕೊಳಗ ಹಿಡಿದ. ಚೀಲ ಹಿಡಿಯಲು ನಾನು ಮುಂದೆ ಹೋದೆ. ಕಾಕಾ ನನ್ನ ಕೈಯಿಂದ ಚೀಲ ತೆಗೆದುಕೊಂಡು ತಾನೇ ಬಾಯಿ ಅಗಲಿಸಿ ನಿಂತ.

"ಲಾಭ," ಅಂದ ಅಪ್ಪ.

ಕಾಕಾನ ತುಟಿ ಅಲುಗಲಿಲ್ಲ. ತುಂಬಿದ ಕೊಳಗವನ್ನು ರಾಶಿಗೆ ಮರಳಿ ಸುರಿಯುವಂತಿಲ್ಲ. ಅಪ್ಪ ಅದನ್ನು ಎತ್ತಿ ಹಿಡಿದೇ ನಿಂತ. ಚಿಗವ್ವ ಕಣ್ಣು ಮುಚ್ಚಿಕೊಂಡಿದ್ದಳು.

"ಲಾಭ," ಅಂದ ಕಾಕಾ.

ಕಾಳು ಚೀಲಕ್ಕೆ ಸುರಿಯಿತು. ಅಳೆಯುವುದು ಮುಗಿದ ಮೇಲೆ ಅಪ್ಪ ಕೊಳಗ ಬೋರಲು ಹಾಕಿ, ಎತ್ತಿನ ಕಡೆ ನೋಡದೆ ಕೇಳಿದ:

"ಹೊಲಾ ಕೊಡೂದು ಖರೆ ಏನೋ?"

"ಛಾಪಖಾನಿ ಹಾಕೂದಿತ್ತು, ಅಣ್ಣಾ."

"ಹಾಕು. ಹೊಲಾ ನಾ ನೋಡ್ಕೊಂತೀನಿ. ಬಿತ್ತಾಕ ಬಾ, ರಾಶಿಗೆ ಬಾ. ನಡಕ ಎಷ್ಟರ ಭಾಷಣಾ ಮಾಡ್ಕೋ."

ಕಾಕಾ ಹೊಲ ಕೊಡಲಿಲ್ಲ. ಛಾಪಖಾನೆಯೂ ಆಗಲಿಲ್ಲ; ಕೈಚೀಲದಲ್ಲಿ ಕರಪತ್ರ ಹೊತ್ತು ನಡೆದೇ ತಿರುಗಿದ. ಮನೆಗಳು ಒಂದಾದವೆಂದು ಹೇಳಿದರೆ ಸುಳ್ಳಾದೀತು, ಒಲೆಗಳು ಎರಡೇ ಉಳಿದವು. ಕಣ ಮಾತ್ರ ಒಂದೇ ಆಯಿತು. ತೊಯ್ದ ಜೋಳ ಕಪ್ಪಿಟ್ಟು ಆ ವರ್ಷವೆಲ್ಲ ಎರಡು ಮನೆಯ ರೊಟ್ಟಿಯೂ ಒಂದೇ ವಾಸನೆ ಹೊಡೆಯಿತು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಮುಂದೆ ರಾಜ್ಯ ಒಂದಾದ ದಿನ ಕಾಕಾ ಗದಗಿನ ಮೆರವಣಿಗೆ ಮುಗಿಸಿ ಕೊರಳಲ್ಲಿ ಹೂವಿನ ಹಾರದೊಂದಿಗೇ ಹೊಲಕ್ಕೆ ಬಂದ. ಅಪ್ಪ ಕುಂಟೆ ಹೊಡೆಯುತ್ತಿದ್ದ.

"ಆತೇನಪಾ ನಿನ್ನ ಕರ್ನಾಟಕ?"

"ಆತಣ್ಣಾ."

"ಹಂಗಾರ ಹಾರಾ ತಗದಿಡು. ಬದುವಿನ ಮ್ಯಾಲ ಕಸಾ ಬೆಳದೈತಿ."

ಇಷ್ಟನ್ನು ಮನಸ್ಸಿನಲ್ಲೇ ಓಡಿಸುತ್ತ ಕಟ್ಟೆಯ ಮೇಲೆ ಕೂತಿದ್ದಾಗ ಶಾಂತಾ ಬಂದಳು. ಕಾಕಾನ ಮಗಳು, ಬೆಟಗೇರಿಯಲ್ಲಿರುತ್ತಾಳೆ. ಗಾಳಿಯ ವರ್ಷ ಇನ್ನೂ ಲಂಗ ಸಂಬಾಳಿಸಲು ಬಾರದ ಕೂಸು. ಅವಳಿಗೇನು ನೆನಪಿದ್ದೀತೆಂದು ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ. ಮೇಷ್ಟ್ರ ಅಹಂಕಾರ. ನಿನ್ನೆ ಕೇಳಿದೆ. ಕಂಬ ಕಂಡಿತ್ತೇನು?

"ಎಲ್ಲೀ ಕಂಬೋ ಅಣ್ಣಾ. ನನಗ ಏನೂ ಕಾಣ್ತಿದ್ದಿಲ್ಲ. ಅಪ್ಪನ ಎದಿಗೆ ಅವಚಿಕೊಂಡಿದ್ದೆ, ನನ್ನ ತಲಿ ಮ್ಯಾಲ ದೊಡ್ಡಪ್ಪನ ಕೈ. ಕಣ್ಣ ತಗಿಯಾಕ ಬಿಡ್ಲಿಲ್ಲ. ಕೈಗೆ ಎಣ್ಣಿಗಾಯಿ ವಾಸನಿ ಬರ್ತಿತ್ತು."

ಹಾಗಾದರೆ ಆ ಕೈ ಇತ್ತು. ನಾನಂದುಕೊಂಡ ತಲೆಯ ಮೇಲಲ್ಲ, ಅಷ್ಟೇ. ಕಂಬ, ಹರಿಗೋಲುಗಳನ್ನು ಬೇಕಾದವರು ಕಿತ್ತುಕೊಂಡು ಹೋಗಲಿ.

"ಇದನ್ಯಾಕ ಹಂಗ ಬಿಚ್ಚಿ ಒಗದೀದಿ, ಗಾಳಿ ಬಿಟ್ರ ಅಂಗಳಾ ತುಂಬಾ ಆಗ್ತೈತಿ," ಅಂದಳು ಶಾಂತಾ, ಸಿವುಡನ್ನು ತೋರಿಸಿ. ಕಟ್ಟಲು ಕೂತೆ. ಸಿವುಡು ಕಟ್ಟಿ ಒಂದು ಆಯುಷ್ಯವೇ ಆಗಿತ್ತು. ಹೇಗೆಂದು ಯೋಚಿಸಿದರೆ ಏನೂ ಹೊಳೆಯಲಿಲ್ಲ. ಯೋಚಿಸುವುದನ್ನು ಬಿಟ್ಟೆ. ಬೆರಳುಗಳು ಎರಡು ದಂಟು ಹೊಸೆದವು, ಸುತ್ತಿದವು, ತುದಿಯನ್ನು ಬಲಕ್ಕೆ ತಿರುವಿ ಒಳಗೆ ಸಿಕ್ಕಿಸಿದವು.

ಶಾಂತಾ ಬಗ್ಗಿ ನೋಡಿದಳು. "ಇದು ನಮ್ಮಪ್ಪನ ಗಂಟು," ಅಂದಳು.

"ಅಲ್ಲವಾ, ನಮ್ಮಪ್ಪಂದು."

ಅವಳು ಸಿವುಡಿನ ಒಂದು ತುದಿ ಹಿಡಿದಳು, ಇನ್ನೊಂದು ತುದಿ ನಾನು ಹಿಡಿದೆ. ಎದುರು ಮನೆಯವರ ಎಮ್ಮೆ ಆಗಲೇ ಇತ್ತ ಕಡೆ ಮುಖ ಮಾಡಿ ಕಾಯುತ್ತಿತ್ತು.