ಮಡಿಲಲ್ಲಿ ಮಲಗಿದ್ದ ಎಡಗೈ

ಪಿಯಾನೋ ಕಲಿಯುವ ಹುಚ್ಚು ನನಗೆ ಹಿಡಿದದ್ದು ನಲವತ್ತೈದು ದಾಟಿದ ಮೇಲೆ. "ಈ ವಯಸ್ಸಲ್ಲಿ ಇದೇನೇ ನಿಂದು?" ಎಂದು ಅತ್ತೆ ನಕ್ಕರು. ಯಾರಾದರೂ ನಕ್ಕರೆ ನನಗೆ ಹಟ ಜಾಸ್ತಿ. ಬಾಣಾವರದಲ್ಲಿ ರೈಲು ಹತ್ತಿ, ಅರಸೀಕೆರೆಯಲ್ಲಿ ಪಾಠ ಹೇಳುವ ಮೇಡಂ ಮನೆಗೆ ಹೋಗಿಯೇಬಿಟ್ಟೆ. ಸ್ಕೂಲಿನಲ್ಲಿ ಸಂಗೀತ ಕಲಿಸಿ ರಿಟೈರ್ ಆದವರು ಅವರು.

ಮೊದಲ ದಿನವೇ ಪೆದ್ದುತನ ಮಾಡಿದೆ. ಪಾಠಕ್ಕೆ ಮುಂಚೆ ತಾಂಬೂಲ ಕೊಡಬೇಕಲ್ಲ, ಎಲೆ ಅಡಿಕೆಯ ಜೊತೆ ನಮ್ಮ ತೋಟದ ಕಾಯಿ ಇಟ್ಟು ತಟ್ಟೆ ಚಾಚಿದೆ. ಮೇಡಂ ಎಡಗೈ ಮುಂದೆ ಮಾಡಿದರು. ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, ಬಲಗೈ ಬರಲೆಂದು ಕಾದು ನಿಂತೆ!

"ಬಲಗೈ ಏಳಲ್ಲ ಕಣಮ್ಮ. ಸ್ಟ್ರೋಕ್ ಆಗಿ ಎರಡು ವರ್ಷ ಆಯ್ತು" ಅಂದರು.

ಅಯ್ಯೋ ದೇವರೇ, ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಅವರೋ ಏನೂ ಆಗದವರಂತೆ ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಶುರುಮಾಡಿದರು.

ಅದೊಂದು ಸಣ್ಣ ಜೋಗುಳ. ಹಾಡಿನ ಧಾಟಿ ನನ್ನ ಬಲಗೈಗೆ, ಕೆಳಗಿನ ಮಂದ್ರ ಸ್ವರಗಳು ಅವರ ಎಡಗೈಗೆ. ಮಾತು, ಊಟ, ನಡಿಗೆ ಎಲ್ಲದರಲ್ಲೂ ನನಗೆ ಅವಸರ. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಅವರು ಬೈಯುತ್ತಿರಲಿಲ್ಲ. ನಾನು ಓಡಿದರೆ ಆ ಎಡಗೈ ಓಡುತ್ತಿರಲಿಲ್ಲ, ಅಷ್ಟೇ. ನಾನೇ ತೆಪ್ಪಗೆ ವಾಪಸ್ ಬರುತ್ತಿದ್ದೆ. ಅಂಥ ಗುರು ಎಲ್ಲಿ ಸಿಗುತ್ತಾರೆ ಹೇಳಿ!

"ನಿನ್ನ ಎಡಗೈನ ಎಷ್ಟು ದಿನ ಅಂತ ಮಡಿಲಲ್ಲಿ ಮಲಗಿಸ್ತೀಯೇ?" ಎಂದು ಒಮ್ಮೆ ಕೇಳಿದರು.

"ಎಡಗೈಲಿ ವಿದ್ಯೆ ಮುಟ್ಟೋದು ಹೆಂಗೆ ಮೇಡಂ? ಚಿಕ್ಕಂದಿಂದ ಅದಕ್ಕೆ ಬೈದು ಬೈದೇ ಬೆಳೆಸವ್ರೆ."

ಅವರು ನಕ್ಕರು, ಆಮೇಲೆ ನಗು ನಿಂತಿತು. "ಈ ಹಾಡನ್ನ ಒಬ್ಬರೇ ಎರಡು ಕೈಲೂ ನುಡಿಸಿದ್ದು ಈ ಮನೇಲಿ ಕೇಳಿ ಎರಡು ವರ್ಷದ ಮೇಲಾಯ್ತು ಕಣೇ. ಇನ್ನೊಂದ್ಸಲ ಕೇಳ್ಬೇಕು ಅಂತ ಆಸೆ."

ಅಂದಿನಿಂದ ವಾರಕ್ಕೊಂದು ಸ್ವರ ನನಗೆ ಬಿಟ್ಟುಕೊಡತೊಡಗಿದರು. ಅವರ ಬೆರಳು ಎದ್ದ ಜಾಗಕ್ಕೆ ನನ್ನ ಎಡಗೈ ಬೆರಳು ಹೋಗಿ ಕೂರುತ್ತಿತ್ತು. ಹೀಗೇ ತಿಂಗಳುಗಳು ಕಳೆದವು.

ಒಂದು ಮಧ್ಯಾಹ್ನ ಹಾಡಿನ ನಡುವೆ ಅವರು ಪೂರ್ತಿ ಕೈ ತೆಗೆದು, ಕಣ್ಣು ಮುಚ್ಚಿ ಕೂತರು. ಆದರೂ ನಾನು ನಿಲ್ಲಿಸಲಿಲ್ಲ, ಎರಡೂ ಕೈಯಲ್ಲಿ ಕೊನೆಯವರೆಗೂ ನುಡಿಸಿದೆ.

"ಒಂದು ಸ್ವರ ತಪ್ಪಿದೆ" ಎನ್ನುತ್ತಾ ಮೇಡಂ ಎಡಗೈಯಿಂದ ಕಣ್ಣೊರೆಸಿಕೊಂಡರು.

ಒದ್ದೆಯಾಗಿದ್ದ ಆ ಕೈಯನ್ನು ಹಿಡಿದು ನನ್ನ ಕಣ್ಣಿಗೊತ್ತಿಕೊಂಡೆ.