ನೆಂಟರಿರುವ ಊರಿನಲ್ಲಿ ಹಾಸ್ಟೆಲ್ಲು

ನಮ್ಮವರಲ್ಲಿ ಎಲ್ಲೂ ಬರೆದಿಡದ ಒಂದು ಕಾನೂನಿದೆ. ಯಾವ ಊರಿನಲ್ಲಿ ನಿಮಗೊಬ್ಬರು ನೆಂಟರಿದ್ದಾರೋ ಆ ಊರಿನಲ್ಲಿ ನೀವು ದುಡ್ಡು ಕೊಟ್ಟು ಮಲಗುವಂತಿಲ್ಲ. ನಾವು ಸಿಡ್ನಿಗೆ ಬಂದು ವರ್ಷಗಳಾದವು, ಇಲ್ಲೇ ಕಾಯಂ ನೆಲೆಸಲು ಪಿಆರ್ ಬಂತು, ಅದರ ಹಿಂದೆಯೇ ಮನೆಸಾಲದ ಮಾರ್ಟ್‌ಗೇಜೂ ಬಂತು. ಮೈಸೂರಿನಿಂದ ತಂದಿದ್ದ ಎಷ್ಟೋ ಅಭ್ಯಾಸಗಳು ತಾವಾಗಿಯೇ ಬಿಟ್ಟುಹೋದವು. ಈ ಕಾನೂನು ಮಾತ್ರ ಗಿರಾವೀನ್‌ನ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಠಿಕಾಣಿ ಹೂಡಿತು.

ಹಾಗಾಗಿ ನನ್ನ ಪಾಲಿಗೆ ಮೆಲ್ಬರ್ನ್ ಎಂದರೆ ನಾದಿನಿಯ ಮನೆ. ನನ್ನ ಗಂಡನ ಒಬ್ಬಳೇ ತಂಗಿ ಅವಳು, ಊರಿನ ಪಶ್ಚಿಮದ ಹೊಸ ಬಡಾವಣೆಯೊಂದರಲ್ಲಿ ಸಂಸಾರ ಹೂಡಿದ್ದಾಳೆ. ವರ್ಷಕ್ಕೊಮ್ಮೆ ಹೋಗುತ್ತೇವೆ. ಏರ್‌ಪೋರ್ಟಿನಿಂದ ಕಾರು, ಕಾರಿನಿಂದ ಸೋಫಾ, ಸೋಫಾದಿಂದ ಊಟದ ಮೇಜು, ಮತ್ತೆ ಸೋಫಾ. ಬೇಡ ಬೇಡ ಅನ್ನುವಷ್ಟರಲ್ಲಿ ತಟ್ಟೆಗೆ ಇನ್ನೊಂದು ಒಬ್ಬಟ್ಟು ಬಿದ್ದಿರುತ್ತದೆ. ಅಡುಗೆಮನೆಯ ಹೊಸ್ತಿಲು ದಾಟಲು ಅವಳು ನನ್ನನ್ನು ಬಿಟ್ಟವಳೇ ಅಲ್ಲ. ಒಮ್ಮೆ ಕಾಫಿ ಕುಡಿದ ಲೋಟ ತೊಳೆಯಲು ಹೋದೆ. "ಅಯ್ಯೋ ಅತ್ತಿಗೆ, ನೀವು ಕೂತ್ಕೊಳ್ಳಿ" ಎಂದು ಸೋಪು ಹತ್ತಿದ ಕೈಯಿಂದಲೇ ಲೋಟ ಕಿತ್ತುಕೊಂಡಳು. ನನ್ನ ಮೈಯೆಲ್ಲ ಉರಿದುಹೋಯಿತು, ಆದರೂ ಹೋಗಿ ಕೂತುಕೊಂಡೆ.

ಊರು ಸುತ್ತುವುದೂ ಅಷ್ಟೇ. ಏಳು ಜನ ಒಂದು ಕಾರಿನಲ್ಲಿ, ಮಧ್ಯದ ಸೀಟಿನಲ್ಲಿ ನಾನು, ತೊಡೆಯ ಮೇಲೆ ತಿಂಡಿಯ ಡಬ್ಬಿ. ಒಮ್ಮೆ ಹಾಗೆ ಹೋಗುವಾಗ ಕಂಬಗಳ ದೊಡ್ಡ ಕಟ್ಟಡವೊಂದು ಕಾಣಿಸಿತು. ಅದರ ಮುಂದಿನ ಹುಲ್ಲಿನ ಮೇಲೆ ಜನ ಆರಾಮಾಗಿ ಬಿದ್ದುಕೊಂಡಿದ್ದರು. "ಅದು ಲೈಬ್ರರಿ ಅತ್ತಿಗೆ. ಒಳಗಡೆ ದೊಡ್ಡ ಗುಮ್ಮಟ ಇದೆ, ತುಂಬ ಚೆನ್ನಾಗಿದೆ" ಎಂದಳು ನಾದಿನಿ. "ಇಲ್ಲೆಲ್ಲೂ ಪಾರ್ಕಿಂಗ್ ಸಿಗಲ್ಲ" ಎಂದು ಅವಳ ಗಂಡ ಕಾರು ಮುಂದಕ್ಕೆ ಬಿಟ್ಟ. ನಾನು ಕತ್ತು ತಿರುಗಿಸಿ ನೋಡುವಷ್ಟರಲ್ಲಿ ಗುಮ್ಮಟವೂ ಇಲ್ಲ, ಹುಲ್ಲೂ ಇಲ್ಲ.

ನನಗೆ ಕಾಲೇಜಿನ ದಿನಗಳಿಂದ ಒಂದು ಹುಚ್ಚು. ಮೈಸೂರಿನ ದೇವರಾಜ ಮಾರ್ಕೆಟ್ಟಿನ ಹತ್ತಿರ ಒಬ್ಬಳು ವಿದೇಶಿ ಹುಡುಗಿ, ಬೆನ್ನಿಗೆ ತನಗಿಂತ ದೊಡ್ಡ ಚೀಲ ಹಾಕಿಕೊಂಡವಳು, ನನ್ನನ್ನು ದಾರಿ ಕೇಳಿದ್ದಳು. ದಾರಿ ಹೇಳಿ, ಜೊತೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ, ಒಬ್ಬಳೇ ಎಂದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಮನೆಯಲ್ಲಿ ಪೋಸ್ಟಾಫೀಸಿಗೂ ಜೊತೆಗೊಬ್ಬರು ಬರುತ್ತಿದ್ದರು. ಒಂದು ಊರಿಗೆ ಒಬ್ಬಳೇ ಹೋಗಿ, ಬೆನ್ನಿಗೆ ಚೀಲ ಹಾಕಿಕೊಂಡು, ಒಂದು ದಿನ ತಿರುಗಬೇಕು ಎಂಬ ಆಸೆ ಅಲ್ಲೇ ಹುಟ್ಟಿತು. ಅದು ನಲವತ್ತು ದಾಟಿದ ಮೇಲೂ ಸಾಯಲಿಲ್ಲ. ನಾನು ಮ್ಯಾಕ್ವೆರಿ ಪಾರ್ಕ್‌ನ ಔಷಧಿ ಕಂಪನಿಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ನೋಡುವವಳು. ದಿನವಿಡೀ ಎಲ್ಲವೂ ಸರಿಯಾಗಿದೆಯೇ ಎಂದು ನೋಡಿ ನೋಡಿ ಒಮ್ಮೊಮ್ಮೆ ಏನನ್ನಾದರೂ ಅಡ್ಡಾದಿಡ್ಡಿಯಾಗಿ ಮಾಡಬೇಕು ಅನ್ನಿಸುತ್ತದೆ.

ಗಂಡನಿಗೆ ಹೇಳಿದೆ. ಅವರು ನಕ್ಕರು, ಹೋಗಿ ಬಾ ಎಂದರು. ಆಮೇಲೆ ನಗು ನಿಲ್ಲಿಸಿ, "ಆದ್ರೆ ನನ್ ತಂಗಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಮುಗೀತು" ಎಂದರು. ಅದು ತಮಾಷೆಯ ಮಾತಲ್ಲ. ಅವರ ಚಿಕ್ಕಪ್ಪನ ಮಗ ಆಫೀಸು ಕೆಲಸಕ್ಕೆ ಮೆಲ್ಬರ್ನಿಗೆ ಬಂದು ಹೋಟೆಲಿನಲ್ಲಿ ಉಳಿದನೆಂದು ಅವಳು ಅವನ ಜೊತೆ ಮಾತು ಬಿಟ್ಟಿದ್ದಳು. ಈ ದೇಶದಲ್ಲಿ ನನ್ನ ಗಂಡನಿಗೆ ಒಡಹುಟ್ಟಿದವಳೆಂದು ಇರುವುದು ಅವಳೊಬ್ಬಳು, ನನ್ನ ಮಕ್ಕಳಿಗೆ ಅತ್ತೆ ಎನ್ನಲು ಅವಳೊಬ್ಬಳು. ನನ್ನ ಒಂದು ದಿನದ ಹುಚ್ಚಿಗೆ ಆ ಮನೆಯ ಬಾಗಿಲು ಮುಚ್ಚಿಹೋದರೆ ಗತಿಯೇನು ಎಂಬ ಭಯ ಹೊತ್ತುಕೊಂಡೇ ಹೊರಟೆ.

ಮಗನ ಸ್ಕೌಟ್ ಬ್ಯಾಗ್ ಎತ್ತಿಕೊಂಡೆ. "ಅಮ್ಮಾ, ಯು ವಿಲ್ ಗೆಟ್ ಲಾಸ್ಟ್" ಎಂದ ಅವನು. "ಆದ್ರೆ ಆಗ್ತೀನಿ ಬಿಡೋ" ಎಂದೆ. ಎರಡು ಜೊತೆ ಬಟ್ಟೆ, ಚಟ್ನಿಪುಡಿ, ಕೋಡುಬಳೆ, ಮತ್ತು ನೀರಿಗೊಂದು ಸ್ಟೀಲ್ ಬಾಟಲಿ. ಆ ಬಾಟಲಿ ನಾದಿನಿಯ ಗೃಹಪ್ರವೇಶದಲ್ಲಿ ಬಂದವರಿಗೆಲ್ಲ ಕೊಟ್ಟದ್ದು. ಗಂಡ ಹೆಂಡತಿ ಇಬ್ಬರ ಹೆಸರನ್ನೂ ಮೈಸೂರಿನಲ್ಲೇ ಕೊರೆಸಿ ತರಿಸಿದ್ದಳು. ಬುದ್ಧಿ ಇದ್ದವರು ಯಾರಾದರೂ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು.

ರಾತ್ರಿಯ ರೈಲು ಶುಕ್ರವಾರ ಬೆಳಿಗ್ಗೆ ನನ್ನನ್ನು ಮೆಲ್ಬರ್ನಿನಲ್ಲಿ ಇಳಿಸಿತು. ಕತ್ತು ಹಿಡಿದುಕೊಂಡಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ಬೆನ್ನಿಗೆ ಚೀಲ ಹಾಕಿಕೊಂಡು ಊರು ಸುತ್ತುವವರಿಗೆ ಅಗ್ಗದಲ್ಲಿ ಹಾಸಿಗೆ ಕೊಡುವ ಹಾಸ್ಟೆಲಿಗೆ ನಡೆದುಕೊಂಡೇ ಹೋದೆ. ಮಧ್ಯಾಹ್ನದವರೆಗೆ ಹಾಸಿಗೆ ಸಿಗುವುದಿಲ್ಲ, ಬ್ಯಾಗ್ ಬೇಕಾದರೆ ಇಲ್ಲಿಟ್ಟು ಹೋಗಿ ಎಂದಳು ಕೌಂಟರಿನ ಹುಡುಗಿ, ಮೂಗಿನ ತುಂಬ ರಿಂಗು. ಸುತರಾಂ ಆಗುವುದಿಲ್ಲ ಎಂದೆ. ಬ್ಯಾಗ್ ಕೊಟ್ಟುಬಿಟ್ಟರೆ ನಾನು ಯಾರು? ಗಿರಾವೀನ್‌ನ ಒಬ್ಬ ಆಂಟಿ. ಬೆನ್ನ ಮೇಲೆ ಬ್ಯಾಗ್ ಇದ್ದರೆ ತಾನೇ ನಾನು ಒಬ್ಬಳೇ ಊರು ಸುತ್ತಲು ಬಂದವಳೆಂದು ಜನಕ್ಕೆ ಗೊತ್ತಾಗುವುದು! ಭುಜ ಬಿದ್ದುಹೋಗುವಷ್ಟು ಭಾರ ಹೊತ್ತುಕೊಂಡು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡುತ್ತಾ ಹೊರಟೆ. ಯಾರೂ ನೋಡಲಿಲ್ಲ.

ಊರಿನ ನಡುವೆ ಟ್ರಾಮಿಗೆ ಟಿಕೆಟ್ಟಿಲ್ಲ. ಬಿಟ್ಟಿ ಎಂದ ಮೇಲೆ ಬಿಡುವುದುಂಟೆ? ಬಂದ ಟ್ರಾಮು ಹತ್ತುವುದು, ಮನಸ್ಸು ಬಂದಲ್ಲಿ ಇಳಿಯುವುದು. ಎಲ್ಲಿಗೆ ಎಂದು ಕೇಳುವವರಿಲ್ಲ, ಟಾಯ್ಲೆಟ್ಟಿಗೆ ಹೋಗಬೇಕಾ ಎಂದು ಯಾರನ್ನೂ ನಾನು ಕೇಳಬೇಕಾಗಿಲ್ಲ. ಗೋಡೆ ತುಂಬ ಬಣ್ಣ ಬಳಿದ ಓಣಿಗಳಲ್ಲಿ ಕಾಲು ಸೋಲುವವರೆಗೆ ಸುತ್ತಿದೆ. ಸಿಡ್ನಿಯಲ್ಲಾದರೆ ಜನ ಬಣ್ಣಬಣ್ಣದ ಬಟ್ಟೆ ಹಾಕಿಕೊಂಡು ಸಮುದ್ರದ ಕಡೆ ಓಡುತ್ತಾರೆ. ಇಲ್ಲಿಯವರೆಲ್ಲ ಕಪ್ಪು ಕೋಟು ತೊಟ್ಟು ಕಾಫಿಯನ್ನು ಪೂಜೆಯಷ್ಟು ಶ್ರದ್ಧೆಯಿಂದ ಕುಡಿಯುತ್ತಾರೆ. ನಾನೂ ಒಂದು ಕುಡಿದೆ. ನಮ್ಮ ಫಿಲ್ಟರ್ ಕಾಫಿಯ ಮುಂದೆ ಏನೂ ಅಲ್ಲ, ಹಾಗೆಂದು ಅವರಿಗೆ ಹೇಳಲಿಲ್ಲ. ಬಿಸಿಲಿದ್ದದ್ದು ಮಳೆಯಾಯಿತು, ಕೊಡೆ ಬಿಚ್ಚುವಷ್ಟರಲ್ಲಿ ಮತ್ತೆ ಬಿಸಿಲಾಯಿತು.

ದೊಡ್ಡ ಮಾರ್ಕೆಟ್ಟಿನ ಬದಿಯಲ್ಲಿ ವ್ಯಾನೊಂದರಲ್ಲಿ ಬಿಸಿಬಿಸಿ ಜಾಮ್ ಡೋನಟ್ ಮಾರುತ್ತಿದ್ದರು. ಅಭ್ಯಾಸಬಲದಿಂದ ನಾಲ್ಕು ಎಂದೆ. ಕಾಗದದ ಚೀಲ ಕೈಗೆ ಬಂದ ಮೇಲೆ ಹಂಚಿಕೊಳ್ಳಲು ಯಾರೂ ಇಲ್ಲ ಎಂಬುದು ಹೊಳೆಯಿತು. ಒಂದು ತಿಂದೆ, ನಾಲಿಗೆ ಸುಟ್ಟಿತು. ಎರಡನೆಯದನ್ನೂ ತಿಂದೆ. ಆಮೇಲೆ ಯಾರ ಭಯ ಎಂದು ಉಳಿದದ್ದನ್ನೂ ಮುಗಿಸಿ, ಬೆರಳಿನ ಸಕ್ಕರೆ ನೆಕ್ಕಿಕೊಂಡೆ. ನನಗೆ ಅಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

ಅಲ್ಲಿಂದ ಸೀದಾ ಲೈಬ್ರರಿಗೆ. ಅಂದು ಕಾರಿನ ಕಿಟಕಿಯಲ್ಲಿ ತಪ್ಪಿಸಿಕೊಂಡ ಆ ಗುಮ್ಮಟ ನೋಡದೆ ವಾಪಸು ಹೋಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ನಾದಿನಿ ಆ ಹೊತ್ತಿಗೆ ಆಫೀಸಿನಲ್ಲಿ ಇರುತ್ತಾಳೆ, ಅದೂ ಊರಿನ ಇನ್ನೊಂದು ಮೂಲೆಯಲ್ಲಿ. ಹಾಗಾಗಿ ಧೈರ್ಯ. ಇಷ್ಟು ದೊಡ್ಡ ಬ್ಯಾಗ್ ಒಳಗೆ ಬೇಡ ಎಂದು ಗಾರ್ಡು ಲಾಕರ್ ತೋರಿಸಿದ. ಬಾಟಲಿಯೊಂದನ್ನು ತೆಗೆದುಕೊಂಡು ಬ್ಯಾಗ್ ಅಲ್ಲಿ ತುರುಕಿದೆ. ಮತ್ತೆ ಬರೀ ಆಂಟಿಯಾಗಿ ಒಳಗೆ ಹೋದೆ.

ನಾದಿನಿ ಹೇಳಿದ್ದು ಸುಳ್ಳಲ್ಲ. ತಲೆಯ ಮೇಲೆ ಬಿಳಿ ಗುಮ್ಮಟ, ಸುತ್ತಲೂ ಮಹಡಿ ಮೇಲೆ ಮಹಡಿ ಪುಸ್ತಕ, ಕೆಳಗೆ ಹಸಿರು ದೀಪಗಳ ಮೇಜುಗಳು. ಅಷ್ಟು ಜನರಿದ್ದೂ ಸದ್ದೇ ಇಲ್ಲ. ನಾನು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಾ ನಡೆದೆ, ಕಾಲು ಯಾವುದೋ ಕುರ್ಚಿಗೆ ತಾಗಿತು, ಬಾಟಲಿ ಕೈಜಾರಿತು. ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಕೊಳಗ ಬಿದ್ದ ಹಾಗೆ ಸದ್ದಾಯಿತು. ಬಿದ್ದಲ್ಲೇ ಇರಬಾರದೆ? ಉರುಳಿತು. ಢಣ ಢಣ ಎನ್ನುತ್ತಾ ಮೇಜುಗಳ ನಡುವೆ ಉರುಳಿ, ಪಕ್ಕದಲ್ಲಿ ಚೆಸ್ ಆಡುವವರಿಗೆಂದು ಹಾಕಿದ್ದ ಮೇಜುಗಳ ಕಡೆಗೆ ಹೋಯಿತು.

ಅಲ್ಲಿ ಟೋಪಿ ಹಾಕಿದ ಮುದುಕನೊಬ್ಬನ ಎದುರು ಕೂತ ಹೆಂಗಸು ಆಟದಿಂದ ಕಣ್ಣು ತೆಗೆಯದೆ ಕಾಲಿನಿಂದ ಬಾಟಲಿ ತಡೆದಳು. ಬಗ್ಗಿ ಎತ್ತಿಕೊಂಡಳು. ಅದರ ಮೇಲೆ ಕೊರೆದ ಅಕ್ಷರ ಓದಿದಳು. ಆಮೇಲೆ ಬಹಳ ನಿಧಾನವಾಗಿ ತಲೆ ಎತ್ತಿದಳು.

ನನ್ನ ನಾದಿನಿ.

ತಿರುಗಿ ಓಡಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವಳು ಎದ್ದು ಬಂದಳು, ಇಬ್ಬರೂ ಒಂದು ಕಂಬದ ಮರೆಗೆ ಸರಿದೆವು.

"ಅತ್ತಿಗೆ, ತಿಂಡಿ ಆಯ್ತಾ?" ಎಂದಳು ಪಿಸುಮಾತಿನಲ್ಲಿ. ಏನೇ ಆಗಲಿ, ನಮ್ಮವರ ಮೊದಲ ಪ್ರಶ್ನೆ ಅದೇ.

"ಆಯ್ತು."

"ಅಣ್ಣ, ಮಕ್ಕಳು?"

"ಸಿಡ್ನಿಲಿದ್ದಾರೆ. ನಾನೊಬ್ಳೇ ಬಂದೆ."

"ಎಲ್ಲಿ ಉಳ್ಕೊಂಡಿದ್ದೀರ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹಾಸ್ಟೆಲ್ಲು" ಎಂದೆ.

ಅವಳ ಮುಖ ನೋಡಲಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಸಿಟ್ಟಾಗುತ್ತಿದ್ದೆ. ಅವಳ ಕಣ್ಣು ತುಂಬಿಬಂತು. "ನಮ್ಮನೇಲಿ ಏನ್ ಕಮ್ಮಿ ಮಾಡಿದ್ದೆ ಅತ್ತಿಗೆ?" ಎಂದಳು.

ಆಗ ನನಗೆ ಹೊಳೆಯಿತು. "ಇವತ್ತು ಶುಕ್ರವಾರ ಅಲ್ವಾ? ನಿಂಗೆ ಆಫೀಸಿಲ್ವಾ?"

ಅವಳು ಸೀರೆಯ ಸೆರಗು ಹುಡುಕುವವಳಂತೆ ಕೋಟಿನ ಅಂಚು ಹಿಡಿದುಕೊಂಡಳು. ಅತ್ತ ಮುದುಕ, ನಿನ್ನ ಸರದಿ ಎಂದು ಅವಳಿಗೆ ಕೈ ತೋರಿಸಿದ. ಒಂದು ನಿಮಿಷ ಎಂದು ಅವನಿಗೆ ಸನ್ನೆ ಮಾಡಿ, "ಶುಕ್ರವಾರ ಆಫೀಸಿಲ್ಲ. ವಾರಕ್ಕೆ ನಾಲ್ಕೇ ದಿನ ಮಾಡ್ಕೊಂಡಿದ್ದೀನಿ. ಮನೇಲಿ ಯಾರಿಗೂ ಗೊತ್ತಿಲ್ಲ. ಡಬ್ಬಿ ಕಟ್ಕೊಂಡು, ಕೋಟ್ ಹಾಕ್ಕೊಂಡು ಇಲ್ಲಿಗೆ ಬಂದ್ಬಿಡ್ತೀನಿ" ಎಂದಳು.

"ಚೆಸ್ ಆಡೋಕಾ?"

"ಹೂಂ. ಇಲ್ಲಿ ಯಾರೂ ನನ್ನ ಏನೂ ಕೇಳಲ್ಲ."

ಸೋಫಾದ ಮೇಲೆ ನನ್ನನ್ನು ಕೂರಿಸಿ ಒಳಗೂ ಹೊರಗೂ ಓಡಾಡುತ್ತಿದ್ದ ಈ ಹುಡುಗಿಯನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ ಅನ್ನಿಸಿ ನನಗೆ ಸಂಕಟವಾಯಿತು. ಅವಳ ಕೈ ಹಿಡಿದುಕೊಂಡೆ.

"ನಿನ್ ಮನೇಲಿ ಏನೂ ಕಮ್ಮಿ ಇಲ್ಲ ಕಣೇ. ನನ್ ಮನೇಲೂ ಏನೂ ಕಮ್ಮಿ ಇಲ್ಲ. ಒಂದೇ ಒಂದು ದಿನ ಯಾರೂ ನಂಗೆ ಬಡಿಸ್ಬಾರ್ದು, ನಾನೂ ಯಾರಿಗೂ ಬಡಿಸ್ಬಾರ್ದು ಅಂತ ಬಂದೆ."

ಅವಳು ನನ್ನ ಮುಖವನ್ನೇ ನೋಡಿದಳು. ಕಣ್ಣೊರೆಸಿಕೊಂಡು ಮೇಜಿಗೆ ಹೋದಳು. ತನ್ನ ಚೀಲದಿಂದ ಊಟದ ಡಬ್ಬಿ ತೆಗೆದುಕೊಂಡು ನನ್ನ ಕಡೆ ಬಂದಳು. "ಪುಳಿಯೋಗರೆ ಇದೆ ಅತ್ತಿಗೆ, ತಗೊಳ್ಳಿ" ಎಂದು ಕೈ ಚಾಚಿದಳು. ನನ್ನ ಕೈಯೂ ಅಭ್ಯಾಸದಂತೆ ಮುಂದೆ ಹೋಯಿತು. ಡಬ್ಬಿ ಮುಟ್ಟುವಷ್ಟರಲ್ಲಿ ಅವಳು ಅದನ್ನು ಹಿಂದಕ್ಕೆಳೆದುಕೊಂಡಳು.

"ಬೇಡ. ನಿಮ್ಮೂಟ ನೀವೇ ಹುಡುಕ್ಕೊಳ್ಳಿ" ಎಂದಳು. "ನಾನು ನಿಮ್ಮನ್ನ ನೋಡಿಲ್ಲ, ನೀವು ನನ್ನ ನೋಡಿಲ್ಲ. ಹೊರಡಿ, ದಿನ ಹಾಳಾಗತ್ತೆ."

ಬಾಟಲಿ ನನ್ನ ಕೈಗಿಟ್ಟು ಹೋಗಿ ಕೂತಳು. ನಾನು ಬಾಗಿಲ ಹತ್ತಿರ ನಿಂತು ಒಮ್ಮೆ ತಿರುಗಿ ನೋಡಿದೆ. ಅವಳು ಕುದುರೆ ಎತ್ತಿಟ್ಟಳು. ಮುದುಕ ಸೋತೆ ಎಂಬಂತೆ ತಲೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಇವಳು ಸದ್ದು ಬರದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ಮೈ ಕುಲುಕಿಸಿ ನಕ್ಕಳು. ಆ ನಗು ನಾನು ಅವಳ ಮನೆಯಲ್ಲಿ ಒಮ್ಮೆಯೂ ಕಂಡದ್ದಲ್ಲ.

ಹತ್ತಿರದ ಬೀದಿಯಲ್ಲಿ ಮಲೇಷ್ಯಾದವರ ಒಂದು ಪುಟ್ಟ ಹೋಟೆಲಿತ್ತು. ಎಷ್ಟು ಜನ ಎಂದು ಕೇಳಿದಳು ಅಲ್ಲಿಯ ಹೆಂಗಸು, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕುತ್ತಾ. "ಒಬ್ಬಳೇ" ಎಂದೆ. ಎಷ್ಟು ಸಲೀಸಾಗಿ ಬಂತು ಮಾತು! ತೆಂಗಿನಹಾಲಿನ ಖಾರ ನೂಡಲ್ಸು ತಿಂದೆ, ಮೂಗು ಸೋರಿತು, ಬಟ್ಟಲು ಎತ್ತಿ ಕುಡಿದೆ.

ಸಂಜೆ ಗಂಡ ಫೋನ್ ಮಾಡಿದರು. "ಗೊತ್ತಿರೋರು ಯಾರಾದ್ರೂ ಸಿಕ್ಕಿದ್ರಾ?" ಎಂದು ಕೇಳಿದರು, ಧ್ವನಿಯಲ್ಲಿ ಆತಂಕ.

"ಯಾರೂ ಇಲ್ಲ" ಎಂದೆ.

ಆ ವರ್ಷದ ದೀಪಾವಳಿಗೆ ಎಂದಿನಂತೆ ಎಲ್ಲರೂ ನಾದಿನಿಯ ಮನೆಗೆ ಹೋದೆವು. ಕಾರಿನಲ್ಲಿ ಕೂತಾಗಿನಿಂದ ನನಗೆ ಒಂದೇ ಯೋಚನೆ. ಅಂದು ಹಾಗೆ ಅಂದಳು, ಆಮೇಲೆ ಕೂತು ಯೋಚಿಸಿ ಮನಸ್ಸು ಮುರಿದುಕೊಂಡಿದ್ದರೆ? ಅವಳು ಬಾಗಿಲು ತೆರೆದು ಎಲ್ಲರನ್ನೂ ನಗುನಗುತ್ತಾ ಕರೆದಳು, ನನ್ನ ಕಡೆ ವಿಶೇಷವಾಗಿ ನೋಡಲಿಲ್ಲ. ಸೋಫಾ, ಊಟ, ಒಬ್ಬಟ್ಟು, ಮತ್ತೆ ಸೋಫಾ. ಮಕ್ಕಳು ಚೆಸ್ ಬೋರ್ಡ್ ಹರಡಿಕೊಂಡಾಗ ನನ್ನ ಗಂಡ ಮೀಸೆ ತಿರುವಿದರು. "ಚಿಕ್ಕೋಳಿದ್ದಾಗ ನಿಮ್ಮತ್ತೆಗೆ ಒಂದು ಆಟಾನೂ ಗೆಲ್ಲೋಕೆ ಬಿಟ್ಟಿಲ್ಲ ನಾನು. ಹೌದೇನೇ?"

"ಹೌದಣ್ಣ" ಎಂದಳು ಅಡುಗೆಮನೆಯಿಂದ, ತುಂಬ ವಿನಯವಾಗಿ.

ನಾನು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ. ಆಗ ಮತ್ತೆ ಅವಳ ಧ್ವನಿ ಬಂತು. ಎಲ್ಲರೂ ತಲೆ ಎತ್ತಿ ನೋಡುವ ಹಾಗೆ, ಜೋರಾಗಿ.

"ಅತ್ತಿಗೆ, ಪಾತ್ರೆ ರಾಶಿ ಬಿದ್ದಿದೆ. ಬಂದು ತೊಳ್ಕೊಡಿ."

ಗಂಡ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದೆ.