ಪೆನ್ಸಿಲ್ ಅಕ್ಕ ಎತ್ತಿಟ್ಟ ಮೂರು ಸೀಸೆ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ. ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಬಿಳಿ ಕೋಟು ತೊಟ್ಟು, ಕೈಗೆ ಗ್ಲೌಸ್ ಏರಿಸಿಕೊಂಡ ಪೆನ್ಸಿಲ್ ಅಕ್ಕ, ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಮುಂದೆ ನಿಂತಿದ್ದಾರೆ. ಇಪ್ಪತ್ತೊಂದು ವರ್ಷದಿಂದ ದಿನಾ ತೆಗೆಯುವ ಬಾಗಿಲು. ಇವತ್ತು ಮಾತ್ರ ಕೈ ಮುಂದೆ ಹೋಗುತ್ತಿಲ್ಲ.

ಕಾರಣ, ಅವರ ಬೆನ್ನ ಹಿಂದೆ ನಿಂತಿರುವ ಹುಡುಗಿ. ಕ್ಯಾನ್ಸರ್ ಸಂಶೋಧನೆಯ ಕೈಕೆಲಸ ಕಲಿಯಲು ಆರು ತಿಂಗಳ ಮಟ್ಟಿಗೆ ಬೇರೆ ದೇಶದಿಂದ ಬಂದವಳು. ಔಷಧಿಗೂ ಜಗ್ಗದ ಕ್ಯಾನ್ಸರ್ ಕೋಶಗಳನ್ನು ನಾಲ್ಕು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೆಳೆಸಿದ್ದಾಳೆ. ಅವನ್ನು ತನ್ನ ದೇಶಕ್ಕೆ ಒಯ್ದರಷ್ಟೇ ಅವಳ ಮುಂದಿನ ಸಂಶೋಧನೆ. ಹೊರಡಲು ಇನ್ನು ಒಂಬತ್ತೇ ದಿನ.

ಮೊನ್ನೆ ಆದದ್ದು ಇಷ್ಟು. ಕೋಶಗಳ ಡಬ್ಬಿಗಳನ್ನು ಸ್ಪಿರಿಟ್‌ನಿಂದ ಒರೆಸಿಯೇ ಕೆಲಸದ ಮೇಜಿಗೆ ಒಯ್ಯಬೇಕೆಂಬುದು ಇಲ್ಲಿನ ನಿಯಮ. ಹುಡುಗಿ ಚಾಚೂ ತಪ್ಪದೆ ಒರೆಸಿದಳು. ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದ ಗುರುತುಗಳೂ ಅಳಿಸಿಹೋದವು! ಹನ್ನೆರಡು ಡಬ್ಬಿಗಳಲ್ಲಿ ಔಷಧಿಗೆ ಜಗ್ಗದ ಕೋಶ ಯಾವುದು, ಸಾಧಾರಣ ಕೋಶ ಯಾವುದು? ನೋಡಲು ಎರಡೂ ಒಂದೇ. ಮತ್ತೆ ಪರೀಕ್ಷಿಸಿ ಬೇರ್ಪಡಿಸುವಷ್ಟು ದಿನಗಳಿಲ್ಲ. ಹುಡುಗಿ ನೆಲದ ಮೇಲೆ ಕುಸಿದು ಕೂತಳು.

"ಏಳು, ಏಳು. ನಿನ್ನ ಬುತ್ತಿ ಬೇರೆ ಕಡೆ ಕಟ್ಟಿಟ್ಟಿದ್ದೀನಿ" ಎಂದರು ಅಕ್ಕ.

ಬುತ್ತಿ ಎಂದರೆ ಅವರ ಭಾಷೆಯಲ್ಲಿ ಬೆರಳುದ್ದದ ಮೂರು ಸೀಸೆ. ಕಲಿಯಲು ಬಂದ ಪ್ರತಿಯೊಬ್ಬರ ಕೋಶಗಳಲ್ಲಿ ಒಂದಿಷ್ಟನ್ನು ಎತ್ತಿ, ಸ್ಪಿರಿಟ್‌ಗೂ ಅಳಿಯದ ಪೆನ್ಸಿಲ್‌ನಲ್ಲಿ ಚೀಟಿ ಬರೆದು ಅಂಟಿಸಿ, ಹೆಪ್ಪುಗಟ್ಟಿಸುವ ತೊಟ್ಟಿಯ ತಳದಲ್ಲಿ ಇಡುತ್ತಾರೆ. ಹೀಗೆ ಮಾಡಿ ಎಂದು ಯಾರೂ ಹೇಳಿದ್ದಲ್ಲ. "ಅಕ್ಕ, ನನ್ನನ್ನೂ ಒಂಚೂರು ಎತ್ತಿಡಿ, ಮುಂದೆ ಬೇಕಾಗ್ಬಹುದು" ಎಂದು ಪ್ರಯೋಗಾಲಯದ ಮುಖ್ಯಸ್ಥರು ರೇಗಿಸುವುದುಂಟು. "ನಿಮ್ಮನ್ನ ಇಡೋವಷ್ಟು ಜಾಗ ಎಲ್ಲಿದೆ ಸಾರ್?" ಎಂದು ಅಕ್ಕನೂ ಬಿಡುವುದಿಲ್ಲ.

ಈ ಪೆನ್ಸಿಲ್‌ಗೊಂದು ಹಿನ್ನೆಲೆ ಇದೆ. ಅಕ್ಕ ಇಲ್ಲಿಗೆ ಬಂದದ್ದು ಬಾಟಲಿ ತೊಳೆಯಲು. ಗಂಡ ದರ್ಜಿ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ನೋಡಿ ನೋಡಿಯೇ ಕೆಲಸ ಕಲಿತರು. ನಾಲ್ಕನೇ ವರ್ಷ, ಇದೇ ಸ್ಪಿರಿಟ್ಟು, ಇಂಥದೇ ಪೆನ್ನು. ಹಿರಿಯ ವಿಜ್ಞಾನಿಯೊಬ್ಬರ ಇಡೀ ವರ್ಷದ ಕೆಲಸ ಇವರ ಕೈಯಿಂದಲೇ ನೀರುಪಾಲಾಯಿತು. "ಅವರು ಒಂದು ಮಾತೂ ಬಯ್ಯಲಿಲ್ಲ ನೋಡಿ. ಬೈದಿದ್ರೆ ಅವತ್ತೇ ಮರೆತುಬಿಡ್ತಿದ್ದೆನೇನೋ" ಎನ್ನುತ್ತಾರೆ. ಮಾರನೆಯ ದಿನ ಗಂಡನ ಕಿವಿಯ ಸಂದಿಯಿಂದ ಪೆನ್ಸಿಲ್ ಕಿತ್ತುಕೊಂಡು ಬಂದರು.

ಈಗ ದಿನಕ್ಕೆ ಅರವತ್ತು ಡಬ್ಬಿಗಳ ಆರೈಕೆ. ಭಾನುವಾರವೂ ರಜೆಯಿಲ್ಲ, ಕೋಶಗಳಿಗೆ ವಾರ ಗೊತ್ತಿಲ್ಲವಲ್ಲ! ಹನಿ ಅಳೆಯುವ ಕೊಳವೆ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಮಡಚಲು ಬಾರದು. ಹನ್ನೊಂದು ದೇಶಗಳ ಮೂವತ್ತನಾಲ್ಕು ಮಂದಿ ಇವರ ಬಳಿ ಕೈ ಪಳಗಿಸಿಕೊಂಡಿದ್ದಾರೆ. ಇಲ್ಲಿನ ಹುಡುಗರೂ ಅಷ್ಟೇ ಮಂದಿ ಆ ದೇಶಗಳಿಗೆ ಹೋಗಿ ಬಂದಿದ್ದಾರೆ. ಅಕ್ಕ ಮಾತ್ರ ವಿಮಾನವನ್ನು ಪ್ರಯೋಗಾಲಯದ ಕಿಟಕಿಯಿಂದಷ್ಟೇ ನೋಡಿದವರು.

ಬುತ್ತಿಯ ಎರಡು ಸೀಸೆಗಳನ್ನು ನಿನ್ನೆ ಬೆಳಿಗ್ಗೆ ಕರಗಿಸಿ, ಎರಡು ಡಬ್ಬಿಗಳಿಗೆ ಹಾಕಿ ಈ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಬದುಕಿದ್ದರೆ ಕೋಶಗಳು ಡಬ್ಬಿಯ ತಳಕ್ಕೆ ಅಂಟಿರುತ್ತವೆ, ಸತ್ತಿದ್ದರೆ ತೇಲುತ್ತಿರುತ್ತವೆ. ಮೂರನೆಯ ಸೀಸೆ ಇನ್ನೂ ತೊಟ್ಟಿಯಲ್ಲೇ ಇದೆ. "ಎಲ್ಲಾನೂ ಒಂದೇ ಸಲ ತೆಗೆಯೋದು ನನ್ನ ಜಾಯಮಾನ ಅಲ್ಲ."

ಕೊನೆಗೂ ಬಾಗಿಲು ತೆಗೆಯುತ್ತಾರೆ. ಡಬ್ಬಿಗಳನ್ನು ಒಂದಾದ ಮೇಲೊಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿ ನೋಡುತ್ತಾರೆ. ಆಮೇಲೆ ಪಕ್ಕಕ್ಕೆ ಸರಿದು, "ನೀನೇ ನೋಡು" ಎನ್ನುತ್ತಾರೆ.

ತಳದ ತುಂಬ ಅಂಟಿಕೊಂಡಿವೆ, ಎರಡರಲ್ಲೂ.

ಹುಡುಗಿಗೆ ಹೋದ ಜೀವ ಬಂದಂತಾಗಿದೆ. ಅಳುತ್ತಾ ನಗುತ್ತಾ ತಬ್ಬಿಕೊಳ್ಳಲು ಬಂದವಳನ್ನು ಅಕ್ಕ ದೂರದಲ್ಲೇ ತಡೆಯುತ್ತಾರೆ: "ಮೊದಲು ಗ್ಲೌಸ್ ಬಿಚ್ಚು. ಆಮೇಲೆ ಅಳು." ಹಾಗೆಂದವರ ಕಣ್ಣೂ ಒದ್ದೆ. ಹೊಟ್ಟೆಗೆ ಹಾಲು ಹೊಯ್ದಂತಾಗಿ ಅಲ್ಲೇ ಸ್ಟೂಲಿನ ಮೇಲೆ ಕೂರುತ್ತಾರೆ. ಹುಡುಗಿ ಅವರ ಕೋಟಿನ ಜೇಬಿಗೆ ಕೈ ಹಾಕಿ ಪೆನ್ಸಿಲ್ ತೆಗೆದುಕೊಂಡು ಹೊಸ ಚೀಟಿ ಬರೆಯುತ್ತಿದ್ದಾಳೆ. ಅಕ್ಕ ಅದನ್ನು ವಾಪಸ್ ಕೇಳುವುದಿಲ್ಲ.

ಆ ದೇಶಗಳನ್ನೆಲ್ಲ ನೋಡುವ ಆಸೆಯಿಲ್ಲವೇ ಎಂದರೆ ನಗುತ್ತಾರೆ.

"ಊರು ನೋಡಿ ಏನ್ಮಾಡ್ಲಿ? ಒಂದ್ಸಲ ಅಲ್ಲಿ, ನನ್ ಹತ್ರ ಕಲಿತು ಹೋದವರ ತೊಟ್ಟಿ ಮುಚ್ಚಳ ತೆಗೆದು ನೋಡ್ಬೇಕು, ಅಷ್ಟೇ. ಚೀಟಿ ಮೇಲೆ ಪೆನ್ಸಿಲ್ ಬರಹ ಇದ್ರೆ ಸಾಕು, ಮುಚ್ಚಳ ಹಾಕಿ ವಾಪಸ್ ಬಂದ್ಬಿಡ್ತೀನಿ."